ನೀರಿನ ಗುತ್ತಿಗೆಯೂ ಮುಂಗಡದ ಹಣವೂ



ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಸಮಯಾಭಾವದಿಂದ ಸರಿಯಾಗಿ ಉತ್ತರಿಸಲಾಗಲಿಲ್ಲ. “ಖಾಸಗಿಯವರೇ ಬಂಡವಾಳ ಹಾಕಿ ನೀರು ಕೊಡುವಾಗ ಲಂಚಕ್ಕೆ ಎಡೆಯೆಲ್ಲಿ? ಸರಕಾರದ ದುಡ್ಡೇ ಇಲ್ಲವಲ್ಲ!” ಎಂಬುದು ಅವರ ಪ್ರಶ್ನೆ. ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ಸಂಗತಿ ಇದಕ್ಕೆ ಉತ್ತರವಾದೀತು.

1989ರಲ್ಲಿ ಆ ನಗರಸಭೆ ತನ್ನ ನೀರು ಸರಬರಾಜನ್ನು ಲಿಯೊನೇಸ್ ದೆಝೋ ಕಂಪೆನಿಯ ಅಂಗಸಂಸ್ಥೆಯೊಂದಕ್ಕೆ 25 ವರ್ಷಗಳ ಅವಧಿಗೆ ವಹಿಸಿತು. ಕಂಪೆನಿ ನಗರಸಭೆಗೆ ‘ಪ್ರವೇಶ ಶುಲ್ಕ’ವೆಂದು ದೊಡ್ಡ ಮೊತ್ತ ಕೊಡಲು ಒಪ್ಪಿತು. ಅಡಿಕೆ ಫಸಲನ್ನು ಚೇಣಿಗೆ ಕೊಟ್ಟು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚೇಣಿದಾರನ ಮುಂಗಡ ದಾನವಲ್ಲ, ಫಸಲಿನಲ್ಲೇ ವಸೂಲಾಗುವಂಥದು. ಆದರೆ ಚೇಣಿಯಲ್ಲಿ ಮುಂಗಡ ಪಡೆದವನೇ ಫಸಲು ಬಿಟ್ಟುಕೊಡುತ್ತಾನೆ. ಗ್ರೆನೋಬಲ್‌ನಲ್ಲಿ ಹಣ ಪಡೆದದ್ದು ನಗರಸಭೆ, ತೀರಿಸಬೇಕಾಗಿ ಬಂದದ್ದು ನಲ್ಲಿ ಬಿಲ್ಲು ಕಟ್ಟುವವರು. ಹೀಗೆ ಖರ್ಚನ್ನು ದರದೊಳಗೆ ಅಡಗಿಸಬಹುದಾದಲ್ಲಿ ಲಂಚವನ್ನೂ ಅಲ್ಲಿಯೇ ಅಡಗಿಸಬಹುದು.

ನೋಟಿನ ಕಟ್ಟು ಕೈ ಬದಲಾಗಲೇಬೇಕೆಂದಿಲ್ಲ. ಮೇಯರ್ ಅಲೆನ್ ಕಾರಿನ್ಯೋಂ ಅವರಿಗೆ ಸಂದದ್ದು ವಿಮಾನ ಪ್ರಯಾಣ, ಪ್ಯಾರಿಸ್ಸಿನಲ್ಲೊಂದು ಮನೆಯ ಅನುಕೂಲ, ಅವರ ಪರ ಪ್ರಚಾರ ಮಾಡಿದ್ದ ಪತ್ರಿಕೆಯ ಸಾಲದ ತೀರುವಳಿ. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ 5 ವರ್ಷ ಸಜೆ ವಿಧಿಸಿತು. ಅದರಲ್ಲಿ ಒಂದು ವರ್ಷ ಅಮಾನತು. ನಗರಸಭಾ ಸದಸ್ಯ ರೇಮೊನ್ ಅವ್ರಿಲಿಯೇ ಮತ್ತು ಸಂಗಡಿಗರು ಪಟ್ಟು ಬಿಡದೆ ಕೋರ್ಟು ಹತ್ತಿದ್ದರಿಂದ, ನೀರನ್ನು ಕಂಪೆನಿಗೆ ವಹಿಸಿದ ನಿರ್ಣಯವೂ 1997ರಲ್ಲಿ ಅಸಿಂಧುವಾಯಿತು. ನೀರು ಮರಳಿ ನಗರಸಭೆಯ ಕೈಗೆ ಬರುವಾಗ ಮಾತ್ರ 2000ನೇ ಇಸವಿ!

ನನಗೆ ಸಜೆಗಿಂತ ಮುಖ್ಯವೆನಿಸುವುದು ಅಲ್ಲಿ ಬಂದ ಕಾನೂನುಗಳು. 1993ರ ಕಾನೂನು ಇಂಥ ಗುತ್ತಿಗೆಗಳಿಗೆ ಬಹಿರಂಗ ಪ್ರಕಟಣೆ, ಪೈಪೋಟಿ ಮತ್ತು ಅವಧಿಯ ಮಿತಿಯನ್ನು ಕಡ್ಡಾಯ ಮಾಡಿತು. 1995ರ ಕಾನೂನು ನೀರಿನ ವಿಷಯದಲ್ಲಿ ಪ್ರವೇಶ ಶುಲ್ಕವನ್ನೇ ನಿಷೇಧಿಸಿತು. ಬೇಲಿ ಹಾಕಬೇಕಾದ ಕಂಡಿ ಅದೇ ಆಗಿತ್ತು.

ನಮ್ಮ ಏತ ನೀರಾವರಿಗೆ ಒಬ್ಬರು ಬಂಡವಾಳ ಹಾಕಲು ಮುಂದೆ ಬಂದಿರುವುದು ತಮಗೆ ತಿಳಿದೇ ಇದೆ. ಸಂಘದ ಕಟ್ಟಡ ನಿಧಿಗೆ ದೇಣಿಗೆ ಕೊಡುವುದಾಗಿಯೂ ಅವರು ಬರೆದಿದ್ದಾರೆ. ಆ ದೇಣಿಗೆಯ ಮೊತ್ತ ನೀರಿನ ದರದಲ್ಲಿ ಗಂಟೆಗೆ ಎಷ್ಟಾಗಿ ಸೇರುತ್ತದೆಂದು ನಾನು ಲಿಖಿತವಾಗಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಕರಾರಿನ ಕರಡು ಕಚೇರಿಯಲ್ಲಿದೆ. ಸದಸ್ಯರು ಯಾವುದೇ ಕೆಲಸದ ದಿನ ಬಂದು ಓದಬಹುದು. ಬೇಕಾದವರಿಗೆ ಪ್ರತಿ ಮಾಡಿಸಿ ಕೊಡಲಾಗುವುದು.

— ಕಾರ್ಯದರ್ಶಿ