ಎರೆನೆಲದ ಅಂಗಳದಲ್ಲಿ ಎರಡು ಕಣಗಿಲೆಗಳು

ಸುರಪುರ ತಾಲ್ಲೂಕಿನ ದೇವಾಪುರ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಅಂಗಳಕ್ಕೆ ಹೂವಿನ ಗಿಡ ಆರಿಸುವವರು ಮೊದಲು ನೆನೆಯುವುದು ಬೇಸಿಗೆಯನ್ನು; ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೀಮೆಯಲ್ಲಿ ಅದು ಸಹಜವೇ. ಆದರೆ ಬಿಸಿಲು ತಾಳುವ ಗಿಡಗಳಿಗೆ ಇಲ್ಲಿ ಬರವಿಲ್ಲ. ನೆಟ್ಟದ್ದು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಉತ್ತರೆ, ಹಸ್ತ ಮಳೆಗಳಲ್ಲಿ ಬುಡದ ಸುತ್ತ ನಿಂತು ಇಂಗದೆ ಉಳಿಯುವ ನೀರು. ಉಷ್ಣವಲಯದ ಮರವಾದ ದೇವಕಣಗಿಲೆಯನ್ನೂ ಬಹುವಾರ್ಷಿಕ, ಅಂದರೆ ಒಂದೇ ವರ್ಷಕ್ಕೆ ಬಾಳು ಮುಗಿಸದೆ ಹಲವು ವರ್ಷ ಹೂಬಿಡುವ, ಕಾಶಿಕಣಗಿಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಎರಡೂ ಅಪೊಸೈನೇಸಿ ಎಂಬ ಸಸ್ಯಕುಟುಂಬಕ್ಕೆ ಸೇರಿದವು. ಹೊಲದ ಬದುವಿನ ಎಕ್ಕೆಯೂ ಪೂಜೆಯ ಕಣಗಿಲೆಯೂ ಇದೇ ಕುಟುಂಬದವು. ಮೊಗ್ಗಿನಲ್ಲಿ ಐದು ದಳಗಳೂ ಒಂದರ ಅಂಚಿನ ಮೇಲೊಂದು ಒಂದೇ ದಿಕ್ಕಿಗೆ ಸುತ್ತಿಕೊಂಡಿದ್ದು, ಅರಳಿದಾಗ ಜಾತ್ರೆಯ ಕಾಗದದ ಗಿರಗಿಟ್ಲೆಯಂತೆ ಬಿಚ್ಚಿಕೊಳ್ಳುವುದು ಎಕ್ಕೆಯ ಹೊರತು ಈ ಬಂಧುಗಳನ್ನು ಗುರುತಿಸುವ ಸುಲಭ ಲಕ್ಷಣ. ಹಳೆಯ ಕನ್ನಡ ಕಾವ್ಯಗಳ ಕಣಗಿಲೆ ಮಾತ್ರ ಇವೆರಡೂ ಅಲ್ಲ. ದೇವಕಣಗಿಲೆ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯಿಂದ ಬಂದದ್ದು, ಕಾಶಿಕಣಗಿಲೆ ಮಡಗಾಸ್ಕರ್ ದ್ವೀಪದ್ದು.

ದೇವಕಣಗಿಲೆಯ (ಪ್ಲುಮೇರಿಯ ರೂಬ್ರ) ದೇಹರಚನೆಯೇ ಕಾದು ಕುಳಿತುಕೊಳ್ಳುವ ಜೀವಿಯದು. ಬೆರಳಿಗಿಂತ ದಪ್ಪನಾದ, ಒಳಗೆ ಮೆತ್ತಗಿರುವ ಕೊಂಬೆಗಳು ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುತ್ತವೆ. ಚಳಿಗಾಲದ ಒಣಹವೆ ಬಂದೊಡನೆ ಮರ ಎಲೆಗಳನ್ನು ಉದುರಿಸಿ, ನೀರು ಆವಿಯಾಗಿ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಬೇಸಿಗೆ ಏರುವ ಹೊತ್ತಿಗೆ, ಎಲೆ ತುಂಬುವ ಮುನ್ನವೇ, ಬೋಳು ತುದಿಗಳಲ್ಲಿ ಹೂಗೊಂಚಲು ಬರುತ್ತದೆ. ಗೊಂಚಲು ಬಂದ ತುದಿ ಅಲ್ಲಿಗೇ ನಿಲ್ಲುತ್ತದೆ, ಅದರ ಕೆಳಗಿನ ಎರಡು ಮೂರು ಮೊಗ್ಗುಗಳು ಸಮವಾದ ಕವಲುಗಳಾಗಿ ಬೆಳೆದು ಮತ್ತೆ ಹೂವಿನಲ್ಲೇ ಕೊನೆಗೊಳ್ಳುತ್ತವೆ. ಕತ್ತರಿ ಕಾಣದ ಮರದಲ್ಲಿ ಬುಡದಿಂದ ತುದಿಯವರೆಗೆ ಕವಲುಗಳನ್ನು ಎಣಿಸುತ್ತ ಹೋದರೆ ಆ ಕೊಂಬೆ ಎಷ್ಟು ಬಾರಿ ಹೂಬಿಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಸಸ್ಯಗಳ ಆಕಾರವನ್ನು ಅಭ್ಯಸಿಸುವವರು ಇದನ್ನು ಲೀವೆನ್‌ಬರ್ಗ್ ಮಾದರಿ ಎನ್ನುತ್ತಾರೆ. ಅಂದಕ್ಕೆಂದು ತುದಿಗಳನ್ನು ಪದೇಪದೇ ಸವರುವವರು ಮುಂದಿನ ಹೂವನ್ನೇ ಸವರುತ್ತಿರುತ್ತಾರೆ.

ಈ ಹೂವಿನ ಪರಿಮಳದಲ್ಲಿ ಒಂದು ವಂಚನೆಯೂ ಅಡಗಿದೆ. ರಾತ್ರಿ ಹೆಚ್ಚಾಗುವ ಅದರ ಕಂಪು ಉದ್ದ ಸೊಂಡಿಲಿನ ದೊಡ್ಡ ಪತಂಗಗಳನ್ನು ಕರೆಯುತ್ತದೆ. ಹೂವಿನ ಕೊಳವೆಯಲ್ಲಿ ಮಾತ್ರ ಮಕರಂದ ಇರುವುದಿಲ್ಲ. ಕೋಸ್ಟರಿಕಾದ ಒಣ ಕಾಡುಗಳಲ್ಲಿ ವಿಲಿಯಂ ಹೇಬರ್ ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನವು, ಪತಂಗಗಳು ಮೋಸಹೋಗಿ ಹೂವಿಂದ ಹೂವಿಗೆ ಹುಡುಕಾಡುವಾಗಲೇ ಪರಾಗಸ್ಪರ್ಶ ನಡೆದುಹೋಗುತ್ತದೆ ಎಂದು ತೋರಿಸಿತು. ನಮ್ಮ ಅಂಗಳಗಳಲ್ಲಿ ಈ ಮರ ಕಾಯಿಕಟ್ಟುವುದು ಅಪರೂಪ. ಹಾಗಾಗಿ ಅದು ಹಬ್ಬುವುದು ಬೀಜದಿಂದಲ್ಲ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಕೊಂಬೆಯಿಂದ.

ಕಾಶಿಕಣಗಿಲೆ (ಕ್ಯಾಥರಾಂಥಸ್ ರೋಸಿಯಸ್) ಕಾಯುವ ಗಿಡವಲ್ಲ. ಬೀಜ ಮೊಳೆತ ಎರಡು ಮೂರು ತಿಂಗಳಲ್ಲಿ ಹೂವಿಗೆ ಬಂದು, ಬೇರಿಗೆ ತುಸು ತೇವ ಸಿಕ್ಕಿದರೆ ವರ್ಷವಿಡೀ ಅರಳುತ್ತಲೇ ಇರುತ್ತದೆ. ನಿತ್ಯಪುಷ್ಪವೆಂಬ ಇನ್ನೊಂದು ಹೆಸರು ಬಂದದ್ದು ಅದರಿಂದಲೇ. ಜೋಡಿ ಕಾಯಿಗಳು ಒಣಗಿ ಬಿರಿದಾಗ ಸಣ್ಣ ಕಪ್ಪು ಬೀಜಗಳು ಬುಡದಲ್ಲೇ ಬಿದ್ದು ಮೊಳೆಯುತ್ತವೆ, ಆದ್ದರಿಂದ ತಾಯಿಗಿಡ ಮುದಿಯಾದರೂ ಪಾತಿ ಬರಿದಾಗುವುದಿಲ್ಲ. ಈ ಗಿಡದಲ್ಲಿ ಆಲ್ಕಲಾಯ್ಡ್‌ಗಳು, ಅಂದರೆ ಸಾರಜನಕವುಳ್ಳ ಕಹಿ ವಿಷವಸ್ತುಗಳು, ನೂರಕ್ಕೂ ಹೆಚ್ಚು ಬಗೆಯವಿವೆ. ಮಧುಮೇಹಕ್ಕೆ ಮದ್ದಾಗಬಹುದೇ ಎಂದು ಕೆನಡಾದಲ್ಲಿ ಎಲೆಯ ಸಾರವನ್ನು ಪರೀಕ್ಷಿಸುತ್ತಿದ್ದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್, ಅದು ಇಲಿಗಳ ಬಿಳಿ ರಕ್ತಕಣಗಳನ್ನು ಇಳಿಸುವುದನ್ನು ಕಂಡು 1958ರ ವೇಳೆಗೆ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಬೇರ್ಪಡಿಸಿದರು. ಮಕ್ಕಳ ರಕ್ತಕ್ಯಾನ್ಸರಿಗೆ ಬಳಕೆಯಾಗುವ ವಿನ್‌ಕ್ರಿಸ್ಟಿನ್ ಕೂಡ ಇದೇ ಗಿಡದ್ದು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕಾಗುವುದರಿಂದ, ನಾಲ್ಕು ಎಲೆ ಅರೆದು ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆಂಬ ನಂಬಿಕೆ ಬರಿಯ ಅಪಾಯ. ಆಡು–ದನಗಳು ಈ ಗಿಡವನ್ನು ಮುಟ್ಟದಿರುವುದು ಇದೇ ವಿಷದಿಂದ; ಬೇಲಿಯಿಲ್ಲದ ಅಂಗಳದ ಮಟ್ಟಿಗೆ ಅದು ದೊಡ್ಡ ಅನುಕೂಲ.

ಎರಡಕ್ಕೂ ಇಲ್ಲಿನ ಕಂಟಕ ಮೊದಲು ಹೇಳಿದ ನಿಂತ ನೀರು, ಅದಕ್ಕೆ ಕಾರಣ ಎರೆಮಣ್ಣು. ಅದರ ಜೇಡಿಕಣಗಳು ತೆಳುಪದರಗಳಿಂದಾದವು. ಸ್ಮೆಕ್ಟೈಟ್ ಎಂಬ ಈ ಜಾತಿಯ ಜೇಡಿಯ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬಿ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ, ಒಣಗಿದಾಗ ಕುಗ್ಗಿ ಬಿರಿದು ಎಳೆಬೇರುಗಳನ್ನು ಹರಿಯುತ್ತದೆ. ಮಳೆಗಾಲದಲ್ಲಿ ಗಾಳಿ ಸಿಗದೆ ಉಸಿರುಗಟ್ಟಿದ ಬೇರುಗಳಿಗೆ, ನೀರಿನಲ್ಲಿ ಈಜುವ ಬೀಜಕಣಗಳುಳ್ಳ ಪೈತಿಯಂ, ಫೈಟಾಫ್ತೋರಗಳಂಥ ರೋಗಕಾರಕಗಳು ಸುಲಭವಾಗಿ ಮುತ್ತುತ್ತವೆ. ಮೇ ತಿಂಗಳ ಬಿಸಿಲಲ್ಲಿ ನಗುತ್ತಿದ್ದ ಕಾಶಿಕಣಗಿಲೆ ಸೆಪ್ಟೆಂಬರಿನಲ್ಲಿ ಬುಡ ಕೊಳೆತು ಒಮ್ಮೆಲೇ ಜೋಲುಬೀಳುವುದು ಹೀಗೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬರುವ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳಲ್ಲಿ ನಿಲ್ಲುವ ಊರುಗಳಲ್ಲಿ ನೆಲದ ತೇವವೂ ಮೇಲೇರಿರುವುದರಿಂದ ಈ ತೊಂದರೆ ಮಳೆಗಾಲಕ್ಕಷ್ಟೇ ಸೀಮಿತವಲ್ಲ. ಗುಡ್ಡದ ಕಡೆಯ ಮಸಾರಿ ನೆಲದಲ್ಲಿ ನೀರು ಬಸಿದುಹೋಗುವುದರಿಂದ ಅಲ್ಲಿ ಎರಡನ್ನೂ ನೇರವಾಗಿ ನೆಡಬಹುದು.

ಎರೆನೆಲದಲ್ಲಿ ಗುಂಡಿ ತೋಡಿ ಮರಳು ತುಂಬುವ ರೂಢಿ ಒಳ್ಳೆಯದಲ್ಲ. ಸುತ್ತಲಿನ ಜೇಡಿ ನೀರು ಬಿಡದ ಕಾರಣ ಆ ಗುಂಡಿ ತೊಟ್ಟಿಯೇ ಆಗುತ್ತದೆ. ಅದರ ಬದಲು ಗರಸು, ಮಸಾರಿ ಮಣ್ಣು ಮತ್ತು ಗೊಬ್ಬರ ಬೆರೆಸಿ ನೆಲದಿಂದ ಮೊಳದೆತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡಬೇಕು. ದೇವಕಣಗಿಲೆಯ ಕೊಂಬೆಯನ್ನು ಕಡಿದು ಹಾಲು ಒಸರುವುದು ನಿಂತ ಮೇಲೂ ಒಂದೆರಡು ವಾರ ನೆರಳಲ್ಲಿಟ್ಟು, ಗಾಯ ಒಣಗಿ ಗಟ್ಟಿಯಾದ ಬಳಿಕ ನೆಟ್ಟರೆ ಕೊಳೆಯುವುದಿಲ್ಲ. ಆ ಹಾಲು ಕಣ್ಣಿಗೆ ಬೀಳದಂತೆ ಎಚ್ಚರ ಬೇಕು. ಎಲೆಯುದುರಿದ ಮರ ಒಣಗಿತೆಂದು ಮರುಕಪಟ್ಟು ಜನವರಿಯಲ್ಲಿ ಕೊಡಗಟ್ಟಲೆ ನೀರು ಹಾಕುವವರಿದ್ದಾರೆ. ಎಲೆಯಿಲ್ಲದ ಮರ ನೀರನ್ನು ಹೀರಲಾರದು, ಬುಡವಷ್ಟೇ ಮೆತ್ತಗಾಗುತ್ತದೆ.

ಜಾಗ ಚಿಕ್ಕದಿದ್ದು ಈ ವರ್ಷವೇ ಬಣ್ಣ ಬೇಕೆನ್ನುವವರಿಗೆ ಕಾಶಿಕಣಗಿಲೆ ತಕ್ಕದ್ದು. ನೆರಳಿಗೆ ಮತ್ತು ಮುಂದಿನ ತಲೆಮಾರಿಗೆ ನೆಡುವವರಿಗೆ ಮರವೇ ಮೇಲು. ಎರಡನ್ನೂ ಒಂದೇ ದಿಬ್ಬದಲ್ಲಿ ಬೆಳೆಸುವುದಾದರೆ ಕಾಶಿಕಣಗಿಲೆಯ ಗಿಡಗಳನ್ನು ಮರದ ಬುಡಕ್ಕೆ ಒತ್ತಿ ನೆಡದೆ ದಕ್ಷಿಣದ ಅಂಚಿಗೆ ಸರಿಸಿ ನೆಡುವುದು ಲೇಸು, ಏಕೆಂದರೆ ಮಳೆಗಾಲದಲ್ಲಿ ಮರದ ದಟ್ಟ ಎಲೆಗಳ ಅಡಿಯಲ್ಲಿ ಕಾಶಿಕಣಗಿಲೆ ಉದ್ದಕ್ಕೆ ಚಾಚಿ ಹೂವನ್ನು ಕಡಿಮೆ ಮಾಡುತ್ತದೆ, ತೇವವೂ ಅಲ್ಲಿ ಬೇಗ ಆರುವುದಿಲ್ಲ.