ಆಸ್ಪತ್ರೆಯಲ್ಲಿ ಭೌತವಿಜ್ಞಾನಿಗೆ ಏನು ಕೆಲಸ?

ಊರಿನಿಂದ ಬಂದ ಬಂಧುವನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ದು, ಕಿರಣ ಚಿಕಿತ್ಸಾ ವಿಭಾಗದ ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಅನುಭವ ಮುಂಬಯಿಯ ಅನೇಕ ಕನ್ನಡ ಕುಟುಂಬಗಳಿಗೆ ಉಂಟು. ಅಲ್ಲಿ ರೋಗಿಯ ಕಣ್ಣಿಗೆ ಬೀಳುವವರು ವೈದ್ಯರು, ದಾದಿಯರು, ಯಂತ್ರ ನಡೆಸುವ ತಂತ್ರಜ್ಞರು. ಆದರೆ ವೈದ್ಯರು ಬರೆದಷ್ಟೇ ವಿಕಿರಣವು ಅವರು ಗುರುತಿಸಿದ ಜಾಗಕ್ಕೇ ತಲುಪುವಂತೆ ಲೆಕ್ಕಹಾಕಿ ಹೊಣೆ ಹೊರುವ ಇನ್ನೊಬ್ಬರು ಒಳಗಿರುತ್ತಾರೆ. ಅವರು ವೈದ್ಯರಲ್ಲ, ಭೌತಶಾಸ್ತ್ರ ಓದಿದವರು. ಅವರೇ ವೈದ್ಯಕೀಯ ಭೌತವಿಜ್ಞಾನಿಗಳು.

ಈ ವೃತ್ತಿ ನಮ್ಮ ದೇಶಕ್ಕೆ ಹೊಸದೇನಲ್ಲ. 1941ರಲ್ಲಿ ಪ್ರಾರಂಭವಾದ ಟಾಟಾ ಆಸ್ಪತ್ರೆಯ ಮೊದಲ ವರ್ಷಗಳಲ್ಲಿಯೇ ಡಾ. ರಾಮಯ್ಯ ನಾಯ್ಡು ಅವರು ಅಲ್ಲಿನ ರೇಡಾನ್ ಘಟಕವನ್ನು ನಡೆಸಿದರು. ಅವರು ಪ್ಯಾರಿಸಿನಲ್ಲಿ ಮೇರಿ ಕ್ಯೂರಿಯವರ ಬಳಿ ಪಳಗಿದ್ದವರು.

ಕೆಲಸದ ಸ್ವರೂಪ ತಿಳಿಯಲು ಒಂದು ಉದಾಹರಣೆ ಸಾಕು. ಕಿರಣದ ಪ್ರಮಾಣವನ್ನು ಅಳೆಯಲು ಗಾಳಿ ತುಂಬಿದ ಒಂದು ಪುಟ್ಟ ಕೋಶವನ್ನು ಬಳಸುತ್ತಾರೆ. ಸಮುದ್ರಮಟ್ಟದ ಮುಂಬಯಿಗಿಂತ, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು. ಆದ್ದರಿಂದ ಅದೇ ಕಿರಣಕ್ಕೆ ಅಲ್ಲಿ ಕೋಶವು ಸುಮಾರು ಶೇಕಡಾ 10ರಷ್ಟು ಕಡಿಮೆ ತೋರಿಸುತ್ತದೆ. ಒತ್ತಡ ಮತ್ತು ಉಷ್ಣತೆಗಳ ತಿದ್ದುಪಡಿಯನ್ನು ಮರೆತರೆ, ಯಂತ್ರದ ಶಕ್ತಿ ಕುಂದಿದೆಯೆಂದು ಭ್ರಮಿಸಿ ರೋಗಿಗೆ ಅಷ್ಟು ಹೆಚ್ಚು ಕಿರಣ ಕೊಟ್ಟಂತಾಗುತ್ತದೆ. ಸಲ್ಲಬೇಕಾದ ಪ್ರಮಾಣಕ್ಕೂ ಸಂದ ಪ್ರಮಾಣಕ್ಕೂ ಶೇಕಡಾ 5ಕ್ಕಿಂತ ಹೆಚ್ಚು ಅಂತರವಿರಬಾರದೆಂಬುದು ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದ ಅಳತೆಗೋಲು. ಕೋಬಾಲ್ಟ್ ಯಂತ್ರವಾದರೆ ಅದರ ಆಕರವು ತಿಂಗಳಿಗೆ ಸುಮಾರು ಶೇಕಡಾ 1ರಂತೆ ಕ್ಷೀಣಿಸುತ್ತದೆ. ಚಿಕಿತ್ಸೆಯ ಸಮಯವನ್ನು ಅದಕ್ಕನುಗುಣವಾಗಿ ಮತ್ತೆ ಮತ್ತೆ ಗುಣಿಸಬೇಕು.

1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಹೊಸ ಕೋಬಾಲ್ಟ್ ಆಕರದ ಅಳತೆಯಲ್ಲಾದ ತಪ್ಪಿನಿಂದ 200ಕ್ಕೂ ಹೆಚ್ಚು ರೋಗಿಗಳಿಗೆ ಸುಮಾರು ಶೇಕಡಾ 25ರಷ್ಟು ಅಧಿಕ ಕಿರಣ ಸಂದಿತು. ಬ್ಯಾಂಕಿನಲ್ಲಿ ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿಯಿದೆ. ಆದರೂ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಕೂಡಿ ನೋಡಬಹುದು. ದೇಹದೊಳಕ್ಕೆ ಹೊಕ್ಕ ಕಿರಣವನ್ನು ಹಿಂದಕ್ಕೆ ಪಡೆಯಲಾಗದು. ಆದುದರಿಂದಲೇ ಇಲ್ಲಿ ಎರಡನೆಯವರ ಸ್ವತಂತ್ರ ಪರಿಶೀಲನೆಗೆ ಅಷ್ಟೊಂದು ಮಹತ್ವ.

ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಕಾಲೇಜಿನ ಹುದ್ದೆಗಾಗಿ ವರ್ಷಗಟ್ಟಲೆ ಕಾಯುತ್ತ, ತಾತ್ಕಾಲಿಕ ಸಂಶೋಧನ ವೇತನದಲ್ಲಿ ಕಾಲ ನೂಕುತ್ತಿರುವ ತರುಣ ತರುಣಿಯರಿಗೆ ಈ ಕ್ಷೇತ್ರವು ತಕ್ಕುದಾಗಿದೆ. ತಾನು ಮಾಡಿದ ಅಳತೆಯನ್ನು ತಾನೇ ಸಂಶಯದಿಂದ ನೋಡುವ ಅಭ್ಯಾಸ ಅವರಿಗೆ ಆಗಲೇ ಕೈಗೂಡಿರುತ್ತದೆ. ಆದರೆ ಒಂದು ಮಾತನ್ನು ಮನೆಯವರೂ ಅರಿತಿರಬೇಕು. ಡಾಕ್ಟರೇಟ್ ಒಂದರಿಂದಲೇ ಆಸ್ಪತ್ರೆಯ ಬಾಗಿಲು ತೆರೆಯದು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಎಂ.ಎಸ್‌ಸಿ. ಬಳಿಕ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದ ವೈದ್ಯಕೀಯ ಭೌತಶಾಸ್ತ್ರದ ಪದವಿ ಬೇಕು. ಅದಾದ ಮೇಲೆ ಸುಸಜ್ಜಿತ ಕಿರಣ ಚಿಕಿತ್ಸಾ ವಿಭಾಗದಲ್ಲಿ 12 ತಿಂಗಳ ತರಬೇತಿ. ಮೂವತ್ತರ ಹರೆಯದಲ್ಲಿ, ಹೆಸರಿನ ಹಿಂದೆ 'ಡಾ.' ಸೇರಿಸಿಕೊಂಡವರು ಇಪ್ಪತ್ತೆರಡರ ಹುಡುಗರೊಂದಿಗೆ ಮತ್ತೆ ಬೆಂಚಿನ ಮೇಲೆ ಕೂರುವುದು ಸುಲಭವಲ್ಲ. ತಂದೆತಾಯಿಗಳಿಗಂತೂ ಇದು ಹಿಂದಕ್ಕೆ ನಡೆದಂತೆಯೇ ತೋರುತ್ತದೆ.

ಮುಂಬಯಿವಾಸಿಗಳಿಗೆ ಈ ವಿದ್ಯೆ ಮನೆಬಾಗಿಲಲ್ಲೇ ಇದೆ. ಭಾಭಾ ಪರಮಾಣು ಸಂಶೋಧನ ಕೇಂದ್ರವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1962ರಲ್ಲಿ ಆರಂಭಿಸಿದ ಒಂದು ವರ್ಷದ ಡಿಪ್ಲೊಮಾ ಇಲ್ಲಿಯದೇ. ಪ್ರವೇಶ ಪ್ರಕಟಣೆಯಲ್ಲಿ ಅಂಕಗಳ ಷರತ್ತಿಗಿಂತ ಮೊದಲು ವಯೋಮಿತಿಯನ್ನು ನೋಡಿಕೊಳ್ಳುವುದು ಒಳಿತು. ಪ್ರಬಂಧ ಬರೆಯುತ್ತ ವರ್ಷಗಳು ಸರಿದುಹೋಗಿರುತ್ತವೆ. ಮದರಾಸಿನ, ಅಂದರೆ ಇಂದಿನ ಚೆನ್ನೈನ, ಅಣ್ಣಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಭೌತಶಾಸ್ತ್ರದಲ್ಲೇ ಎಂ.ಎಸ್‌ಸಿ. ಓದಬಹುದು. ಅಮೆರಿಕದಲ್ಲಿರುವ ಮಕ್ಕಳಿಗೆ ದಾರಿ ಬೇರೆ: ಅಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರಿಗಾಗಿಯೇ ಕೆಲವು ವಿಷಯಗಳ ಪೂರಕ ವ್ಯಾಸಂಗವಿದೆ, ಅನಂತರ ಎರಡು ವರ್ಷ ಆಸ್ಪತ್ರೆಯಲ್ಲಿ ತರಬೇತಿ.

ಅರ್ಜಿ ಹಾಕುವ ಮುನ್ನ ಯಾವುದಾದರೂ ಕ್ಯಾನ್ಸರ್ ಆಸ್ಪತ್ರೆಯ ಭೌತ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದು, ಅನುಮತಿ ಪಡೆದು, ಒಂದು ದಿನ ಅಲ್ಲಿದ್ದು ನೋಡಿಬರುವುದು ಲೇಸು. ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಯಂತ್ರದ ಪರೀಕ್ಷೆ ನಡೆಯುವ ಹೊತ್ತಿಗೇ ಹೋಗಬೇಕು.