ಬಾನೆಟ್ಟಿನ ಮೇಲೆ ಮಾಣಿಕ್ಯದ ಪದರವೇ? ಸೆರಾಮಿಕ್ ಕೋಟಿಂಗ್ ಸುತ್ತ ನಂಬಿಕೆ ಮತ್ತು ವಾಸ್ತವ

ಹೊಸ ಕಾರಿನ ಕಾಗದಪತ್ರಕ್ಕೆ ಸಹಿ ಬೀಳುವ ಹೊತ್ತಿಗೆ ಶೋರೂಮಿನವರು ಇನ್ನೊಂದು ಹಾಳೆ ಮುಂದಿಡುತ್ತಾರೆ. ವಿಮೆ, ಫಾಸ್ಟ್ಯಾಗ್, ಮ್ಯಾಟುಗಳ ಕೆಳಗೆ ಒಂದು ಸಾಲು: ಸೆರಾಮಿಕ್ ಕೋಟಿಂಗ್. "ಒಂದ್ಸಲ ಮಾಡಿಸಿಬಿಡಿ ಸರ್, ಐದು ವರ್ಷ ತಲೆನೋವಿಲ್ಲ. ಗೀರು ಬೀಳಲ್ಲ, ಕೊಳೆ ಕೂರಲ್ಲ, ಬಣ್ಣ ಮಾಸಲ್ಲ." ಕಾರಿನ ಹುಚ್ಚು ಹಿಡಿದವರ ಗುಂಪಿನಲ್ಲಿ ಈ ಮಾತೆತ್ತಿದರೆ ಕೂಡಲೇ ಎರಡು ಪಕ್ಷ ಏಳುತ್ತವೆ. ಮಾಡಿಸಿಕೊಂಡವರಿಗೆ ಅದು ಕಾರಿನ ರಕ್ಷಾಕವಚ. ಮಾಡಿಸದವರಿಗೆ ಅದು ದುಬಾರಿ ಬೆಲೆಯ ವ್ಯಾಕ್ಸು, ದುಡ್ಡು ದಂಡ.

ಎರಡೂ ತಪ್ಪು. ಎರಡನೆಯದು ಸ್ವಲ್ಪ ಕಡಿಮೆ ತಪ್ಪು ಎನ್ನಬಹುದು.

ಆ ಪುಟ್ಟ ಬಾಟಲಿಯಲ್ಲಿ ಇರುವುದು ಸಿಲಿಕಾನ್ ಮೂಲದ ರಾಳ. ಸಿಲೋಕ್ಸೇನ್ ಅಥವಾ ಪಾಲಿಸಿಲಾಝೇನ್ ಜಾತಿಯ ಆ ರಾಳವನ್ನು ಬೇಗ ಆರುವ ದ್ರಾವಕದಲ್ಲಿ ಕರಗಿಸಿಟ್ಟಿರುತ್ತಾರೆ. ಬಣ್ಣದ ಮೇಲೆ ಸವರಿದ ಕೆಲವೇ ನಿಮಿಷಗಳಲ್ಲಿ ದ್ರಾವಕ ಹಾರಿಹೋಗುತ್ತದೆ. ಉಳಿದದ್ದು ಗಾಳಿಯ ತೇವವನ್ನು ಹೀರಿಕೊಂಡು, ಗಂಟೆಗಳ ಕಾಲ ನಿಧಾನವಾಗಿ ಗಟ್ಟಿಯಾಗಿ, ಗಾಜಿನ ಕುಲದ ಒಂದು ತೆಳುಪದರವಾಗುತ್ತದೆ. ವ್ಯಾಕ್ಸು ಬಣ್ಣದ ಮೇಲೆ ಸುಮ್ಮನೆ ಕೂತಿರುತ್ತದೆ. ಬಿಸಿಲು, ಶಾಂಪೂ, ನಾಲ್ಕು ಮಳೆ ಸೇರಿ ಅದನ್ನು ಕೆಲವೇ ವಾರಗಳಲ್ಲಿ ಎಬ್ಬಿಸಿಬಿಡುತ್ತವೆ. ಗಟ್ಟಿಯಾದ ಸೆರಾಮಿಕ್ ಪದರ ಹಾಗೆ ಹೋಗುವುದಿಲ್ಲ. ಅದನ್ನು ತೆಗೆಯಬೇಕೆಂದರೆ ಪಾಲಿಶ್ ಮೆಷೀನ್ ಹಿಡಿದು ತೇಯಬೇಕು. ಹಾಗಾಗಿ 'ಬರೀ ವ್ಯಾಕ್ಸು' ಎಂಬ ಮಾತು ನಿಲ್ಲುವುದಿಲ್ಲ.

ಕವಚ ಎಂಬ ಮಾತು ಎಲ್ಲಿ ಸೋಲುತ್ತದೆ ಎಂಬುದು ದಪ್ಪದ ಲೆಕ್ಕ ನೋಡಿದರೆ ತಿಳಿಯುತ್ತದೆ. ಕಾರ್ಖಾನೆಯಿಂದ ಹೊರಬರುವ ಕಾರಿನ ತಗಡಿನ ಮೇಲೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಇದರಲ್ಲಿ ಕ್ಲಿಯರ್ ಕೋಟ್ ಒಂದರ ಪಾಲೇ ಸುಮಾರು 35ರಿಂದ 50 ಮೈಕ್ರಾನ್. ಗಟ್ಟಿಯಾದ ಮೇಲೆ ಸೆರಾಮಿಕ್ ಪದರ ಉಳಿಯುವುದು ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದು ಬರುವ ಜಲ್ಲಿಕಲ್ಲಿಗೆ ಅದು ಅಡ್ಡಿಯೇ ಆಗುವುದಿಲ್ಲ. ಪಾರ್ಕಿಂಗಿನಲ್ಲಿ ಪಕ್ಕದ ಸ್ಕೂಟರಿನ ಹ್ಯಾಂಡಲ್ ತಗುಲಿದರೂ ಅಷ್ಟೆ. ಕೋಟಿಂಗ್ ಇದ್ದ ಕಾರಿಗೂ ಇಲ್ಲದ ಕಾರಿಗೂ ಆಗುವ ಗಾಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು.

"9ಎಚ್ ಗಟ್ಟಿತನ, ಗೀರೇ ಬೀಳಲ್ಲ"

ಈ ವ್ಯಾಪಾರದಲ್ಲಿ ಅತಿ ಹೆಚ್ಚು ದುಡಿದಿರುವ ಅಂಕಿ ಇದು. ಬಾಟಲಿ, ಬೋರ್ಡು, ಬ್ರೋಷರು, ಎಲ್ಲಿ ನೋಡಿದರೂ 9ಎಚ್. ಶಾಲೆಯಲ್ಲಿ ಖನಿಜಗಳ ಗಡಸುತನದ ಪಟ್ಟಿ ಓದಿದವರಿಗೆ ಇದು ಮೋಸ್ ಮಾಪಕದ ಒಂಬತ್ತು ಎನಿಸುವುದು ಸಹಜ. ಜರ್ಮನಿಯ ಖನಿಜವಿಜ್ಞಾನಿ ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದ ಆ ಮಾಪಕದಲ್ಲಿ ವಜ್ರ 10, ಕುರಂಡ 9. ಮಾಣಿಕ್ಯವೂ ನೀಲವೂ ಕುರಂಡದ ರೂಪಗಳೇ. ಆ ಲೆಕ್ಕ ಹಿಡಿದರೆ ಕೋಟಿಂಗ್ ಮಾಡಿಸಿದ ಬಾನೆಟ್ಟು ಮಾಣಿಕ್ಯದಷ್ಟು ಗಟ್ಟಿ ಎಂದಾಯಿತು!

ಆದರೆ ಇಲ್ಲಿನ 9ಎಚ್ ಪೆನ್ಸಿಲ್ಲಿನ ಲೆಕ್ಕ. ಎಂಜಿನಿಯರಿಂಗ್ ಡ್ರಾಯಿಂಗ್ ಮಾಡಿದವರಿಗೆ ಎಚ್‌ಬಿ, 2ಎಚ್, 4ಎಚ್ ಪೆನ್ಸಿಲ್ಲುಗಳ ಪರಿಚಯ ಇದ್ದೇ ಇರುತ್ತದೆ. ಬಣ್ಣದ ಉದ್ಯಮದಲ್ಲಿ ಲೇಪಗಳನ್ನು ಪರೀಕ್ಷಿಸಲು ಅದೇ ಪೆನ್ಸಿಲ್ಲುಗಳನ್ನು ಬಳಸುತ್ತಾರೆ. 45 ಡಿಗ್ರಿ ಕೋನದಲ್ಲಿ ಪೆನ್ಸಿಲ್ ಇಟ್ಟು, ಐಎಸ್‌ಒ ಮಾನದಂಡದ ಪ್ರಕಾರ 750 ಗ್ರಾಂ ಭಾರ ಹೇರಿ, ಲೇಪದ ಮೇಲೆ ತಳ್ಳುತ್ತಾರೆ. ತೀರಾ ಮೆದುವಾದ 9ಬಿಯಿಂದ ತೀರಾ ಗಟ್ಟಿಯಾದ 9ಎಚ್‌ವರೆಗೆ ಗೀರು ಎಬ್ಬಿಸಲಾರದ ಅತಿ ಗಟ್ಟಿ ಪೆನ್ಸಿಲ್ ಯಾವುದೋ ಅದೇ ಆ ಲೇಪದ ದರ್ಜೆ. ಅಂದರೆ 9ಎಚ್ ಎಂಬ ಮುದ್ರೆ ಹೇಳುವುದು ಇಷ್ಟೇ: ಪೆಟ್ಟಿಗೆಯಲ್ಲಿದ್ದ ಯಾವ ಪೆನ್ಸಿಲ್ಲೂ ಇದನ್ನು ಕೆರೆಯಲಿಲ್ಲ. ಕಾರಿನ ಮೇಲೆ ಪೆನ್ಸಿಲ್ಲಿನಿಂದ ಗೀಚುವವರು ಎಷ್ಟು ಮಂದಿ?

ಕಾರನ್ನು ನಿಜವಾಗಿ ಕೆರೆಯುವುದು ಧೂಳು. ಕರ್ನಾಟಕದ ಬಹುಪಾಲು ನೆಲದಡಿ ಇರುವುದು ಗ್ರಾನೈಟು, ನೈಸ್ ಶಿಲೆಗಳು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಅದೇ ಜಾತಿ. ಅವು ಸವೆದು ಆದ ಮಣ್ಣಿನಲ್ಲಿ ಬೆಣಚು, ಅಂದರೆ ಕ್ವಾರ್ಟ್ಜ್, ಧಾರಾಳ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7. ಬಳ್ಳಾರಿ, ಸಂಡೂರಿನ ಕಡೆ ಗಾಳಿಯಲ್ಲಿ ತೇಲುವ ಕೆಂಪು ಅದಿರಿನ ಪುಡಿ, ಹೆಮಟೈಟ್, 5.5ರಿಂದ 6.5. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟು, ಜೇಡಿಗಳ ಮಿಶ್ರಣ ಇವುಗಳ ಮುಂದೆ ಏನೇನೂ ಅಲ್ಲ. ಆ ಮಿಶ್ರಣವನ್ನು ಗೆದ್ದ ಲೇಪ ಬೆಣಚಿನ ಕಣವನ್ನೂ ಗೆಲ್ಲುತ್ತದೆ ಎನ್ನಲು ಆಧಾರವಿಲ್ಲ.

ಇನ್ನು ಆ ಧೂಳನ್ನು ಕಾರಿಗೆ ಉಜ್ಜುವವರು ಯಾರು? ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಬೆಳಗಿನ ಆರು ಗಂಟೆಗೆ ಇಳಿದರೆ ಉತ್ತರ ಸಿಗುತ್ತದೆ. ಒಂದು ಬಕೆಟ್ ನೀರು, ಒಂದು ಬಟ್ಟೆ, ಸಾಲಾಗಿ ನಿಂತ ಹತ್ತಾರು ಕಾರು. ಮೊದಲ ಕಾರಿನ ಮಣ್ಣು ಎರಡನೆಯದಕ್ಕೆ, ಎರಡನೆಯದರದ್ದು ಮೂರನೆಯದಕ್ಕೆ. ಆ ಕೆಲಸಗಾರನ ತಪ್ಪೇನೂ ಇಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ದಿನವೂ ಕಾರು ಒರೆಸಬೇಕು ಎಂದರೆ ಇನ್ನು ಹೇಗೆ ಒರೆಸಲು ಸಾಧ್ಯ? ಕಪ್ಪು ಕಾರಿನ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಹುಟ್ಟುವುದು ಇಲ್ಲಿ. ನೀರು ಹಾಕದೆ ಒಣ ಬಟ್ಟೆಯಿಂದ ಧೂಳು ಕೊಡವುವ ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಕೋಟಿಂಗ್ ಇದ್ದರೆ ಈ ಸೂಕ್ಷ್ಮ ಗೀರುಗಳು ಸ್ವಲ್ಪ ನಿಧಾನವಾಗಬಹುದು, ನಿಲ್ಲುವುದಿಲ್ಲ.

"ತೊಳೆಯುವ ಗೋಜೇ ಇಲ್ಲ"

ಕೋಟಿಂಗ್ ಅಂಗಡಿಗಳ ವಿಡಿಯೊಗಳಲ್ಲಿ ನೀರು ಮಣಿಮಣಿಯಾಗಿ ಉರುಳುವ ದೃಶ್ಯ ಕಡ್ಡಾಯ. ಅದರ ಜತೆಗೆ ತಾವರೆ ಎಲೆಯ ಉದಾಹರಣೆಯೂ ಬರುತ್ತದೆ. ತಾವರೆ ಎಲೆ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುವುದು ಹೇಗೆಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಎಲೆಯ ಮೇಲ್ಮೈ ನುಣುಪಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬ ಸಣ್ಣ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳುಗಳು. ಹನಿಗೆ ಊರಲು ಜಾಗವೇ ಸಿಗದೆ ಅದು ಬಹುತೇಕ ಗೋಲವಾಗಿ ಉರುಳುತ್ತದೆ, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಹನಿ ಮೇಲ್ಮೈಯೊಂದಿಗೆ ಮಾಡುವ ಕೋನ ಅಲ್ಲಿ 150 ಡಿಗ್ರಿ ದಾಟಿರುತ್ತದೆ. ಹೊಳೆಯುವ ಕಾರಿನ ಮೈ ನುಣುಪಾಗಿಯೇ ಇರಬೇಕು, ಇಲ್ಲವಾದರೆ ಹೊಳಪೆಲ್ಲಿ? ಹಾಗಾಗಿ ಅದರ ಮೇಲೆ ಕೋನ ಸಾಮಾನ್ಯವಾಗಿ 100, 110 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮಣಿಗಟ್ಟುತ್ತದೆ, ಜಾರುತ್ತದೆ, ಕೊಳೆಯ ಹಿಡಿತವೂ ಸಡಿಲವಾಗುತ್ತದೆ. ತಾವರೆಯ ಮಟ್ಟದ ಸ್ವಯಂಸ್ವಚ್ಛತೆ ಮಾತ್ರ ಬರುವುದಿಲ್ಲ.

ಇನ್ನೊಂದು ತೊಡಕು ಮಣಿಗಳಲ್ಲೇ ಇದೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತವೆ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿನ ಗಡಸುತನಕ್ಕೆ ಇಟ್ಟಿರುವ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ದಾರಿಯೇ ಇಲ್ಲದಿದ್ದರೆ 600. ನಮ್ಮ ಬಯಲುಸೀಮೆಯಲ್ಲಿ ಅನೇಕ ಕೊಳವೆಬಾವಿಗಳ ನೀರು ಈ ಮೊದಲ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಅಂಥ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಬಿಟ್ಟರೆ ಪ್ರತಿ ಮಣಿಯೂ ಆರಿ ಒಂದು ಬಿಳಿ ಉಂಗುರ ಬಿಡುತ್ತದೆ. ಕೋಟಿಂಗ್ ಇಲ್ಲದ ಕಾರಿನಲ್ಲಿ ನೀರು ಹಾಸಿಕೊಂಡು ಆರುತ್ತದೆ. ಕೋಟಿಂಗ್ ಇರುವಲ್ಲಿ ಲವಣವೆಲ್ಲ ಮಣಿಯ ಬುಡದಲ್ಲಿ ಒಟ್ಟಾಗುತ್ತದೆ. ಬಹಳ ದಿನ ಬಿಟ್ಟ ಕಲೆ ಶಾಂಪೂವಿಗೆ ಬಗ್ಗುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಕೋಟಿಂಗ್ ಮಾಡಿಸಿ, ಹತ್ತು ನಿಮಿಷ ಒರೆಸಲು ಸೋಮಾರಿತನ ಮಾಡಿದವರ ಕಾರುಗಳಲ್ಲಿ ಚುಕ್ಕೆಗಳೇ ಎದ್ದು ಕಾಣುತ್ತವೆ.

ನೀರಿನ ಉಳಿತಾಯ ಮಾತ್ರ ನಿಜವಾದ ಲಾಭ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಕೊಳೆ ಬೇಗ ಬಿಡುವ ಕಾರಿಗೆ ಕಡಿಮೆ ನೀರು ಸಾಕು ಎಂಬುದು ಅಂಥ ಊರಿನಲ್ಲಿ ಸಣ್ಣ ಮಾತಲ್ಲ.

ಕೋಟಿಂಗ್ ಇದ್ದರೆ ಹಕ್ಕಿ ಹಿಕ್ಕೆ ಏನೂ ಮಾಡದು ಎಂಬುದೂ ಅರ್ಧ ಸತ್ಯ. ಮಳೆಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಗೊತ್ತು, ಬೇಸಿಗೆಯ ಒಂದು ಮಧ್ಯಾಹ್ನ ಸಾಕು, ಒಣಗಿದ ಹಿಕ್ಕೆ ಬಣ್ಣದ ಮೇಲೆ ಅಚ್ಚೊತ್ತಿಬಿಡುತ್ತದೆ. ಕೋಟಿಂಗ್ ಕೊಡುವುದು ಒಂದಿಷ್ಟು ಕಾಲಾವಕಾಶ. ಅಷ್ಟರೊಳಗೆ ನೀರು ಹಾಕಿ ನೆನೆಸಿ ತೆಗೆಯಬೇಕು.

ಟೆಫ್ಲಾನ್, ಗ್ರಾಫೀನ್ ಮತ್ತು ಬೆಂಕಿಯಾಟ

ಸೆರಾಮಿಕ್ ಬರುವ ಮುಂಚೆ ಇದೇ ಜಾಗದಲ್ಲಿ 'ಟೆಫ್ಲಾನ್ ಕೋಟಿಂಗ್' ಇತ್ತು. ಈಗಲೂ ಕೆಲವೆಡೆ ಇದೆ. 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತು ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೋಸೆ ತವಾಕ್ಕೆ ಅದನ್ನು ಅಂಟಿಸುವುದು ಅದಕ್ಕೂ ಮೀರಿದ ಶಾಖದಲ್ಲಿ ಬೇಯಿಸಿ. ಕಾರಿನ ಬಣ್ಣವನ್ನು ಕಾರ್ಖಾನೆಯಲ್ಲೇ ಸುಮಾರು 140 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತಾರೆ. ಅದರ ಮೇಲೆ ಟೆಫ್ಲಾನ್ ಬೇಯಿಸಹೊರಟರೆ ಬಣ್ಣವೇ ಸುಟ್ಟುಹೋದೀತು. ಸರ್ವಿಸ್ ಸೆಂಟರಿನಲ್ಲಿ ಕೈಯಿಂದ ಉಜ್ಜಿ ಕೊಡುವುದು ಪಾಲಿಶ್ಶೇ ಹೊರತು ತವಾದ ಲೇಪವಲ್ಲ.

ಈಗಿನ ಹೊಸ ಮಂತ್ರ ಗ್ರಾಫೀನ್. ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2010ರಲ್ಲಿ ನೊಬೆಲ್ ಪಡೆದದ್ದು ಈ ವಸ್ತುವಿನ ಮೇಲಿನ ಪ್ರಯೋಗಗಳಿಗೆ, ಅದು ಸತ್ಯ. ಅಂಗಡಿಯ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಅದೇ ಸಿಲಿಕಾನ್ ರಾಳ, ಅದಕ್ಕೊಂದಿಷ್ಟು ಗ್ರಾಫೀನ್ ಆಕ್ಸೈಡ್. ಹೆಸರಿನ ತೂಕಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.

ಬಾನೆಟ್ಟಿನ ಮೇಲೆ ಲೈಟರ್ ಎಣ್ಣೆ ಸುರಿದು ಬೆಂಕಿ ಹಚ್ಚಿ ತೋರಿಸುವ ಪ್ರದರ್ಶನವೂ ಇದೆ. ಉರಿಯುವುದು ಎಣ್ಣೆಯ ಆವಿ. ಕೆಳಗಿನ ದ್ರವ ಪೂರ್ತಿ ಆರುವವರೆಗೆ ಮೇಲ್ಮೈಗೆ ಹೆಚ್ಚು ಬಿಸಿ ತಾಗುವುದಿಲ್ಲ, ತಗಡೂ ಶಾಖವನ್ನು ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಕೋಟಿಂಗ್ ಇಲ್ಲದ ಇನ್ನೊಂದು ಬಾನೆಟ್ಟಿಗೂ ಹಾಗೆಯೇ ಹಚ್ಚಿ ತೋರಿಸದ ಹೊರತು ಆ ಆಟ ಏನನ್ನೂ ಸಾಬೀತು ಮಾಡುವುದಿಲ್ಲ.

ಕಲ್ಲಿಗೆ ಬೇರೆ ಮದ್ದು

ಹಾಗಾದರೆ ಜಲ್ಲಿಕಲ್ಲಿನ ಏಟಿಗೆ ಪರಿಹಾರವೇ ಇಲ್ಲವೆ? ಇದೆ, ಹೆಸರು ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು, ಚೂರುಗಳಿಂದ ಉಳಿಸಲು ಪಾಲಿಯುರೆಥೇನ್ ಫಿಲ್ಮ್ ಅಂಟಿಸುತ್ತಿದ್ದರು. ಕಾರಿನ ಪಿಪಿಎಫ್ ಅದರ ವಂಶದ್ದು. ದಪ್ಪ ಸುಮಾರು 150ರಿಂದ 200 ಮೈಕ್ರಾನ್, ಅಂದರೆ ಸೆರಾಮಿಕ್ ಪದರದ ನೂರು ಪಟ್ಟು. ಗಟ್ಟಿಯಾಗಿರುವುದರಿಂದಲ್ಲ, ಮೆದುವಾಗಿ ಏಟನ್ನು ನುಂಗುವುದರಿಂದ ಅದು ಬಣ್ಣವನ್ನು ಕಾಯುತ್ತದೆ. ಸಣ್ಣ ಗೀರುಗಳು ಬಿಸಿಲಿಗೆ, ಬಿಸಿನೀರಿಗೆ ತಾವೇ ಮುಚ್ಚಿಕೊಳ್ಳುತ್ತವೆ. ಫಿಲ್ಮ್ ಹರಿಯುವಷ್ಟು ಆಳದ ಗೀರಿಗೆ ಈ ಗುಣದಿಂದ ಉಪಯೋಗವಿಲ್ಲ. ಇಡೀ ಕಾರಿಗೆ ಹಾಕಿಸಲು ಲಕ್ಷದ ಲೆಕ್ಕವಾದ್ದರಿಂದ ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು ಬಂಪರ್, ಬಾನೆಟ್ ತುದಿ, ಕನ್ನಡಿಗಳಿಗಷ್ಟೇ ಹಾಕಿಸುವುದು ಜಾಣತನ.

ಅಂದಹಾಗೆ ಬಣ್ಣವನ್ನು ಗೀರಿನಿಂದ ಕಾಯುವ ಪ್ರಯತ್ನವನ್ನು ಕಾರು ಕಂಪನಿಗಳೂ ಮಾಡಿವೆ. ಮರ್ಸಿಡಿಸ್-ಬೆಂಝ್ 2003ರಲ್ಲೇ ಸೆರಾಮಿಕ್ ನ್ಯಾನೊಕಣಗಳಿರುವ ಕ್ಲಿಯರ್ ಕೋಟ್ ತಂದಿತು. ನಿಸ್ಸಾನ್ 2005ರಲ್ಲಿ ಸಣ್ಣ ಗೀರುಗಳನ್ನು ತಾನೇ ಮುಚ್ಚಿಕೊಳ್ಳುವ ಬಣ್ಣ ಪ್ರಕಟಿಸಿತು. ಹೊಸ ಕಾರಿನ ಕ್ಲಿಯರ್ ಕೋಟಿನಲ್ಲಿ ನೇರಳಾತೀತ ಕಿರಣ ತಡೆಯುವ ರಾಸಾಯನಿಕಗಳು ಹೇಗೂ ಇರುತ್ತವೆ. 'ಕೋಟಿಂಗ್ ಮಾಡಿಸದಿದ್ದರೆ ಎರಡೇ ವರ್ಷಕ್ಕೆ ಬಣ್ಣ ಬಿಳಿಚಿಕೊಳ್ಳುತ್ತೆ' ಎಂಬ ಹೆದರಿಕೆಗೆ ಕಿವಿಗೊಡಬೇಕಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ತುಕ್ಕು ಶುರುವಾಗುವುದೂ ತಳದಲ್ಲಿ, ಬೆಸುಗೆಯ ಸಂದಿಗಳಲ್ಲಿ. ಬಾನೆಟ್ಟಿನ ಹೊಳಪು ಅದನ್ನು ತಡೆಯಲಾರದು.

ಹಳೆಯ ಕಾರಿಗೆ ಮಾಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಗೀರುಗಳ ಮೇಲೆಯೇ ಕೋಟಿಂಗ್ ಹಾಕಿದರೆ ಗೀರುಗಳು ಒಳಗೇ ಉಳಿಯುತ್ತವೆ. ಅವನ್ನು ಮೊದಲು ಪಾಲಿಶ್ ಮಾಡಿ ತೆಗೆಯಬೇಕು, ಪ್ರತಿ ಪಾಲಿಶ್ಶಿನಲ್ಲೂ ಕ್ಲಿಯರ್ ಕೋಟ್ ಕೆಲವು ಮೈಕ್ರಾನ್ ಸವೆಯುತ್ತದೆ. ಜನ ಮೆಚ್ಚುವ ಆ ಹೊಳಪಿನಲ್ಲಿ ದೊಡ್ಡ ಪಾಲು ಈ ಪಾಲಿಶ್ಶಿನದೇ. ವರ್ಷಕ್ಕೊಮ್ಮೆ ರಬ್ಬಿಂಗ್ ಮಾಡಿಸುವ ಚಟ ಇರುವವರ ಕಾರಿನಲ್ಲಿ ಉಳಿದಿರುವ ಪದರ ಎಷ್ಟೆಂದು ಅಳತೆಯ ಮೀಟರ್ ಇಟ್ಟು ನೋಡಿಯೇ ಕೆಲಸಕ್ಕೆ ಕೈಹಾಕಬೇಕು.

ಯಾರಿಗೆ ಇದು ಬೇಕು? ಗಾಢ ಬಣ್ಣದ ಹೊಸ ಕಾರು ಕೊಂಡು, ಬಯಲಲ್ಲೇ ನಿಲ್ಲಿಸಬೇಕಾಗಿ ಬಂದು, ಎರಡು ಬಕೆಟ್, ಶಾಂಪೂ, ಶುದ್ಧ ಮೈಕ್ರೋಫೈಬರ್ ಬಟ್ಟೆ ಹಿಡಿದು ತಾವೇ ತೊಳೆಯುವ ತಾಳ್ಮೆ ಇರುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ದಿನದ ಬಕೆಟ್ ಒರೆಸುವಿಕೆಗೆ ಕಾರು ಒಪ್ಪಿಸಿದವರಿಗೆ ಇದು ವ್ಯರ್ಥ. ಅವರು ಮೊದಲು ಆ ದಿನನಿತ್ಯದ ಒರೆಸುವಿಕೆ ನಿಲ್ಲಿಸಿದರೆ ಪೈಸೆ ಖರ್ಚಿಲ್ಲದೆ ಕಾರಿನ ಬಣ್ಣ ಉಳಿಯುತ್ತದೆ.

ಮಾಡಿಸುವುದೇ ಎಂದು ನಿರ್ಧರಿಸಿದ್ದರೆ ಹಣ ಕೊಡುವ ಮುಂಚೆ ವಾರಂಟಿ ಕಾಗದವನ್ನು ಪೂರ್ತಿ ಓದಿ. 'ಐದು ವರ್ಷ' ಎಂಬುದರ ಕೆಳಗೆ ವರ್ಷವರ್ಷವೂ ಅವರಲ್ಲೇ ಹಣ ಕೊಟ್ಟು ಸರ್ವಿಸ್ ಮಾಡಿಸಬೇಕೆಂಬ ಷರತ್ತು ಇದೆಯೇ, ನೀರಿನ ಕಲೆ ಮತ್ತು ಹಕ್ಕಿ ಹಿಕ್ಕೆಯನ್ನು ಹೊರಗಿಟ್ಟಿದ್ದಾರೆಯೇ, ಅಪಘಾತವಾಗಿ ಒಂದು ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದರೆ ಆ ಭಾಗದ ಕೋಟಿಂಗ್ ಖರ್ಚು ಯಾರದು ಎಂದು ಕೇಳಿ. ಉತ್ತರವನ್ನು ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಮಾಡಿಸಬೇಡಿ.